ಡೇರೆಯ ಕೆಳಗಿನ ಎರೆಮಣ್ಣು

ಈ ಗುರುದೇವಿ ಅಂದರೆ ಬಾಯಿ ಜೋರಿನ ಹೆಂಗಸು ಅಂತ ಚಿಂಚೋಳಿಯಿಂದ ಸೇಡಂವರೆಗೆ ಎಲ್ಲರಿಗೂ ಗೊತ್ತು. ಇರಲಿ, ಬಿಡಿ. ಆದರೆ ಆ ದಿನ ನಾನು ಕೂಗಾಡಿದ್ದರಲ್ಲಿ ತಪ್ಪೇನಿತ್ತು, ನೀವೇ ಹೇಳಿ.

ಕಾಡಂಚಿನ ನಮ್ಮ ಹೊಲದಲ್ಲಿ ರಿಸಾರ್ಟ್ ಮಾಡಲು ಹೊರಟವರು ನನ್ನ ಗಂಡ ಸಂಗಮೇಶ್ವರ. ಆರು ದೊಡ್ಡ ಡೇರೆಗಳು. ಒಳಗೆ ಮಂಚ, ಎಸಿ, ಬಿಸಿನೀರಿನ ಬಚ್ಚಲು. ತಾಯಿಗೆ ಹುಷಾರಿಲ್ಲವೆಂದು ತೆಂಗಳಿಯ ತವರಿಗೆ ಹೋಗಿದ್ದ ನಾನು ತಿರುಗಿ ಬರುವಷ್ಟರಲ್ಲಿ ಜೆಸಿಬಿ ಓಡಾಡಿ ಬದು, ಬದುವಿಗೆ ಹಾಕಿದ್ದ ಪರಸಿ ಕಲ್ಲಿನ ಚಪ್ಪಡಿ, ಗಿಡಗಂಟಿ ಎಲ್ಲ ಹೋಗಿ ಹೊಲ ಸಪಾಟಾಗಿತ್ತು. ಡೇರೆಗೆ ಎಂಥ ಬುನಾದಿ ಬೇಕೆಂದು ಹೇಳಲು ಕಲಬುರಗಿಯಿಂದ ಮಹೆಕ್ ಎಂಬ ಇಂಜಿನಿಯರ್ ಬಂದಿದ್ದಳು.

“ಇದು ಎರಿಮಣ್ಣು ಅಕ್ಕಾ. ಮಳಿಗಾಲದಾಗ ಉಬ್ಬತದ, ಬ್ಯಾಸಿಗ್ಯಾಗ ಬಿರೀತದ. ಕಾಂಕ್ರೀಟ್ ಹಾಕಬೇಕಂದ್ರ ಆಳಕ್ಕ ಅಗೀಬೇಕು. ಇಲ್ಲಾ, ಕಬ್ಬಿಣದ ಕಂಬ ಕೆಳಗ ಇಳಿಸಬೇಕು. ಮ್ಯಾಲೆ ಮುರುಮ್ ಮಣ್ಣು ಹರಡಿ ಪರಸಿ ಕಲ್ಲು ಹಾಸಿದ್ರೂ ನಡೀತದ. ಆದ್ರ ಮಳಿ ಆದಮ್ಯಾಗ ಸೊಟ್ಟ ಆಗತದ, ವರ್ಷಾ ಕಲ್ಲು ಎಬ್ಬಿಸಿ ಮತ್ತ ಕೂಡಿಸಬೇಕು.”

“ಕಂಬಾನೇ ಇಳಸ್ರಿ,” ಎಂದರು ಇವರು, ನನ್ನ ಮುಖ ನೋಡದೆ.

ನಮ್ಮ ಮಗಳು ದಾನೇಶ್ವರಿ ಇದೇ ಹೊಲದಲ್ಲಿದ್ದಾಳೆ. ಏಳು ವರ್ಷದ ಕೂಸು, ಜ್ವರಕ್ಕೆ ಹೋಯಿತು. ನಮ್ಮವರ ಪದ್ಧತಿಯಂತೆ ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡಿದ್ದೆವು. ಮೇಲೆ ಒಂದು ಶಹಾಬಾದ್ ಪರಸಿ ಹಾಸಿದ್ದೆವು. ಹೆಸರು ಬರೆಸಲಿಲ್ಲ, ನಮ್ಮ ಹೊಲ, ನಮ್ಮ ಕಲ್ಲು, ಮರೆಯುವುದುಂಟೇ? ಅಂದಿನಿಂದ ಅವಳ ಹೆಸರು ಇವರ ಬಾಯಲ್ಲಿ ಬಂದಿಲ್ಲ. ನಾನು ಆ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದರು. ಈಗ ಸಪಾಟಾದ ಹೊಲದಲ್ಲಿ ಆ ಕಲ್ಲು ನನ್ನ ಕಣ್ಣಿಗೆ ಬೀಳಲಿಲ್ಲ.

“ಕೂಸು ಎಲ್ಲಿ ಅದಾಳ ತೋರಸ್ರಿ. ಆ ಜಾಗಾ ಬಿಟ್ಟು ಎಲ್ಲಿ ಬೇಕಾದ್ರ ಇಳಸ್ರಿ,” ಎಂದೆ.

ಇವರು ಸ್ವಲ್ಪ ದೂರ ನಡೆದು ನಿಂತರು. ತಲೆ ಅಲ್ಲಾಡಿಸಿ ಇನ್ನೊಂದು ಕಡೆ ಹೋದರು. ಕೊನೆಗೆ ಅಲ್ಲೇ ಮಣ್ಣಲ್ಲಿ ಕುಸಿದು ಕೂತರು.

“ಗೊತ್ತಾಗವಲ್ದು, ಗುರುದೇವಿ. ಹೊಲದಾಗಿನ ಪರಸಿ ಎಲ್ಲಾ ಒಂದ ಕಡಿ ಒಟ್ರಿ ಅಂತ ಜೆಸಿಬಿಯವರಿಗೆ ಫೋನಿನ್ಯಾಗ ಹೇಳಿಬಿಟ್ಟೆ. ಕೂಸಿನ ಮ್ಯಾಲಿಂದೂ ಪರಸೀನೇ ಅನ್ನೋದು ಲಕ್ಷಕ್ಕ ಬರಲಿಲ್ಲ.”

ಹೊಲದ ಮೂಲೆಯಲ್ಲಿ ಕಲ್ಲುಗಳ ರಾಶಿ ಬಿದ್ದಿತ್ತು. ಎಲ್ಲವೂ ಒಂದೇ ಬಣ್ಣ.

“ಅಯ್ಯ ಶಿವನೇ! ಗೊತ್ತಿಲ್ದೇ ಕಂಬ ಹೊಡಸ್ತೀರೇನು? ಕೂಸಿನ ನೆತ್ತಿ ಮ್ಯಾಲೆ?”

“ಕಂಬದ ತೂತು ಸಣ್ಣದು. ತಪ್ಪಿಸ್ಕೊಂಡಾಳು ಅಂದ್ಕೊಂಡೆ.”

ಆಮೇಲೆ ನಾನು ಏನೇನು ಬೈದೆನೋ ನನಗೇ ನೆನಪಿಲ್ಲ. ಬೈದು ಬೈದು ಸಾಕಾಗಿ ಅಳುತ್ತಾ ಕೂತೆ. ಮಹೆಕ್ ನನ್ನ ಪಕ್ಕದಲ್ಲೇ ಕೂತು, “ಹಂಗಾದ್ರ ಎಲ್ಲೂ ಅಗಿಯೋದು ಬ್ಯಾಡ ಅಕ್ಕಾ. ಪರಸೀನೇ ಹಾಸೋಣು,” ಎಂದಳು.

“ವರ್ಷಾ ಸೊಟ್ಟ ಆಗತದ ಅಂದೀರಿ,” ಎಂದರು ಇವರು.

“ಆಗ್ಲಿ! ವರ್ಷಾ ನೀವೇ ಎಬ್ಬಿಸಿ ಕೂಡಸ್ರಿ,” ಎಂದೆ. ಹೊಲದಲ್ಲಿ ಎಲ್ಲೂ ಗುದ್ದಲಿ ಹಾಕಲಿಲ್ಲ. ರಾಶಿಯಲ್ಲಿದ್ದ ಕಲ್ಲುಗಳೆಲ್ಲ ಆರೂ ಡೇರೆಗಳ ಕೆಳಗೆ ಹೋದವು.

ಮೊದಲ ಮಳೆಗಾಲ ಕಳೆಯುತ್ತಿದ್ದಂತೆ ಎರೆಮಣ್ಣು ಉಬ್ಬಿ ಒಂದು ಡೇರೆಯ ಬಾಗಿಲು ಹಾಕಲು ಬರದಾಯಿತು. ಆಳುಗಳು ಬಂದರೆ ಇವರು ವಾಪಸ್ ಕಳಿಸಿದರು. ತಾವೇ ಹಾರೆ ಹಿಡಿದು, ಪರಸಿಯ ಮೇಲೆ ಕೂಡಿಸಿದ್ದ ನೆಲದ ಹಲಗೆ ಬಿಚ್ಚಿ ಕೆಳಗಿಳಿದರು. ನಾನು ಚಹಾ ಒಯ್ದೆ. ಈ ವಯಸ್ಸಿನಲ್ಲಿ ಸೊಂಟ ಮುರಿದುಕೊಳ್ಳುತ್ತೀರಿ ಎಂದು ಬೈಯಲು ಬಾಯಿ ತೆರೆದವಳು ಹಾಗೇ ನಿಂತೆ. ಇವರು ಮೊಣಕಾಲೂರಿ, ಉಬ್ಬಿ ಮೇಲೆದ್ದ ಪರಸಿಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು. ಕಣ್ಣು ತುಂಬಿದ್ದವು.

“ನೋಡು, ಗುರುದೇವಿ,” ಎಂದರು. “ನಮ್ಮ ದಾನವ್ವ ಎರಡು ಬೆರಳು ಎತ್ರ ಆಗ್ಯಾಳ.”

ಅವಳು ಇರುವುದು ಆ ಡೇರೆಯ ಕೆಳಗೇ ಎಂದು ಯಾರು ಹೇಳಬೇಕು? ನಾನು ಚಹಾ ಕೆಳಗಿಟ್ಟು ಇವರ ಪಕ್ಕದಲ್ಲಿ ಕೂತೆ.

“ಬೆಳಿಯೋ ವಯಸ್ಸಲ್ಲೇನ್ರಿ,” ಎಂದೆ.