ಬೀದಿಗೆಲ್ಲ ಒಂದು ರಿಪೇರಿ ಶೆಡ್ಡು

ಬೀದಿಯ ಕೊನೆಯಲ್ಲಿದ್ದ ಕಸದ ರಾಶಿ ಕಂಡರೆ ರಿಪೇರಿ ಮಾವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕೆಟ್ಟ ಫ್ಯಾನು, ಮಿಕ್ಸಿ, ರೇಡಿಯೊ ಎಲ್ಲ ಅಲ್ಲಿಗೇ. ತುಂಬಿದಾಗ ಯಾರಾದರೂ ಬೆಂಕಿ ಇಡುತ್ತಿದ್ದರು. ಆ ಹೊಗೆಗೆ ಅವನ ಅಮ್ಮ ಉಸಿರಾಡಲು ಒದ್ದಾಡುತ್ತಿದ್ದಳು. "ಹೊಗೆ ನಿಲ್ಲದಿದ್ರೆ ನನ್ನ ಔಷಧಿ ನಾಟಲ್ಲ" ಎಂದು ಡಾಕ್ಟರು ಕೈಚೆಲ್ಲಿದ್ದರು.

ಕೆಟ್ಟದ್ದನ್ನು ಜನ ಎಸೆಯದೆ ತಾವೇ ಸರಿಮಾಡಿಕೊಳ್ಳಲು ಒಂದು ಶೆಡ್ಡು ಬೇಕು ಅನ್ನುವುದು ಮಾವನ ಆಸೆ. ಆದರೆ ಕೈಯಲ್ಲಿ ಬಿಡಿಗಾಸಿಲ್ಲ.

ಅವನ ಅಕ್ಕನ ಮಗಳ ಕೆಲಸವೇ ಬೇರೆ. ಊರಿನ ಒಳ್ಳೆಯ ಕೆಲಸಗಳಿಗೆ ನಾಲ್ಕಾರು ಜನ ಸೇರಿ ಹಣ ಕೂಡಿಸುವಂಥ ಮೊಬೈಲ್ ವೇದಿಕೆಯನ್ನು ಅವಳು ಕಟ್ಟುತ್ತಿದ್ದಳು.

"ಮಾವ, ಇದರಲ್ಲಿ ಕೇಳೋಣ."

"ಹೋಗೇ! ಗುರುತಿಲ್ಲದೋರು ನನಗ್ಯಾಕೆ ಕೊಡ್ತಾರೆ? ನಾನು ನುಂಗಿ ನೀರು ಕುಡಿದ್ರೆ?"

"ಕೊಡೋರಿಗೂ ಅದೇ ಭಯ. ಆ ಭಯ ಹೋಗೋ ಹಾಗೇ ಕಟ್ಟಬೇಕು."

ಮಾವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಅಮ್ಮ ಕೆಮ್ಮುತ್ತಿರುವ ಫೋಟೊ ಅದರಲ್ಲಿ ಹಾಕಿ, "ದಯವಿಟ್ಟು ಸಹಾಯ ಮಾಡಿ" ಎಂದು ಬರೆದೇಬಿಟ್ಟ. ಒಬ್ಬರೂ ತಿರುಗಿ ನೋಡಲಿಲ್ಲ. ನೋಡಿದವಳು ಅಮ್ಮ ಒಬ್ಬಳೇ.

"ನನ್ನ ಕೆಮ್ಮನ್ನೇ ಮಾರಾಟಕ್ಕೆ ಇಟ್ಯಲ್ಲೋ! ನೀನು ಏನು ಮಾಡ್ತೀಯ, ಅದನ್ನ ಹೇಳು."

ಅಕ್ಕನ ಮಗಳು ಆ ಫೋಟೊ ಅಳಿಸಿಹಾಕಿದಳು. ಇಡೀ ಶೆಡ್ಡನ್ನು ಬಿಡಿಬಿಡಿಯಾಗಿ ತೋರಿಸಿದಳು: ಒಂದು ತಗಡು, ಒಂದು ಮೇಜು, ಒಂದು ಸ್ಕ್ರೂಡ್ರೈವರ್. ಯಾರು ಬೇಕಾದರೂ ಯಾವುದರ ಬೆಲೆಯನ್ನಾದರೂ ಕೊಡಬಹುದು. ದುಡ್ಡಿಲ್ಲದವರು ಒಂದು ಸಂಜೆಯ ದುಡಿಮೆ ಕೊಡಬಹುದು. ಗುರಿ ಮುಟ್ಟದಿದ್ದರೆ ಹಣ ಕೊಟ್ಟವರಿಗೇ ವಾಪಸ್ಸು. ಪ್ರತಿ ಖರ್ಚಿನ ರಸೀದಿ ಎಲ್ಲರ ಕಣ್ಣೆದುರೇ ಇರುತ್ತದೆ.

ಮೊದಲ ತಗಡು ಎದುರುಮನೆಯ ಟೈಲರಮ್ಮನದು. ಆಮೇಲೆ ಮಾವ ಕಂಡು ಕೇಳರಿಯದ ಊರುಗಳಿಂದಲೂ ಹಣ ಬರತೊಡಗಿತು. ಬಸ್ ಡ್ರೈವರೊಬ್ಬ ಮೇಜು ಕೊಟ್ಟು, "ನಮ್ಮ ಬೀದೀಲೂ ಇಂಥದ್ದೇ ರಾಶಿ ಇದೆ. ನಿಮ್ಮದು ಆದ್ಮೇಲೆ ನಮಗೂ ಕಲಿಸ್ತೀರಾ?" ಎಂದು ಬರೆದಿದ್ದ.

ಮಾವ ಫೋನು ಹಿಡಿದು ಅದನ್ನೇ ಮತ್ತೆ ಮತ್ತೆ ಓದಿದ. ಕಣ್ಣು ತುಂಬಿತ್ತು. "ಮುಖ ಕಾಣದ ಜನ ಕಣೇ! ಲೋಕದಲ್ಲಿ ಇಷ್ಟೊಂದು ಒಳ್ಳೇತನ ಎಲ್ಲಿ ಅಡಗಿತ್ತೇ?"

"ಅಡಗಿರಲಿಲ್ಲ ಮಾವ. ಬರೋಕೆ ದಾರಿ ಇರಲಿಲ್ಲ."

ಶೆಡ್ಡು ಎದ್ದಿತು. ರಾಶಿಗೆ ಬೆಂಕಿ ಇಡುತ್ತಿದ್ದವರಲ್ಲೇ ಒಬ್ಬ ಕೆಟ್ಟ ಮಿಕ್ಸಿ ಹೊತ್ತುಕೊಂಡು ಕಲಿಯಲು ಬಂದ. ಬಿದ್ದಿದ್ದವೂ ಒಂದೊಂದಾಗಿ ರಿಪೇರಿಯಾಗಿ ರಾಶಿ ಕರಗಿದ ಮೇಲೆ ಅಮ್ಮ ಅಲ್ಲಿಯವರೆಗೂ ನಡೆದು ಹೋಗಿ, ಎದೆ ತುಂಬ ಉಸಿರೆಳೆದಳು. ಮಾವ ಉಸಿರು ಬಿಗಿಹಿಡಿದು ನಿಂತ. ಕೆಮ್ಮು ಬರಲಿಲ್ಲ.

ಓದುವ ಅಕ್ಕ, ಅಣ್ಣ, ಹನಿ ಹನಿ ಕೂಡಿದರೆ ಹಳ್ಳ. ನಿಮ್ಮ ಬೀದಿಗೆ ಏನು ಬೇಕು? ಮರುಕ ಬೇಡಬೇಡಿ, ಕೆಲಸ ತೋರಿಸಿ, ಲೆಕ್ಕ ಬಿಚ್ಚಿಡಿ. ಬೇರೆಯವರು ಕೇಳಿದಾಗ ಅವರ ಕೆಲಸ, ಲೆಕ್ಕ ಎರಡನ್ನೂ ನೋಡಿ, ಒಂದು ತಗಡಾದರೂ ಕೊಡಿ. ಅದರಿಂದ ಯಾರದೋ ಅಮ್ಮ ನೆಮ್ಮದಿಯಾಗಿ ಉಸಿರಾಡುತ್ತಾಳೆ.