ಎಪ್ಪತ್ನಾಲ್ಕನೇ ನಂಬರಿನ ಮಂಚ

ನಾನು ಒಂದು ಕಬ್ಬಿಣದ ಮಂಚ, ಆಸ್ಪತ್ರೆ ಮಂಚ. ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದೆ. ಕಿಡಿ ಹಾರಿಸಿ ನನ್ನ ಕಾಲು ಜೋಡಿಸಿದ ಹುಸೇನಸಾಬ ಬಿಳಿ ಬಣ್ಣ ಬಳಿದು, ಮೇಲೆ ಹತ್ತಿ ಎರಡು ಸಲ ಕುಣಿದು ನೋಡಿದ. "ಹೂಂ, ಸತ್ರೂ ಮುರಿಯೂದಿಲ್ಲ" ಅಂದ. ಯಾರು ಸತ್ರೆ ಅಂತ ಹೇಳಲಿಲ್ಲ.

ಮೊದಲು ಗದಗಿನ ಹೆರಿಗೆ ಆಸ್ಪತ್ರೆಗೆ ಹೋದೆ. ಒಂಬತ್ತು ವರ್ಷ ಹೆಂಗಸರ ಬೆವರು, ಬೈಗುಳ, ಕೂಸುಗಳ ಮೊದಲ ಅಳು ಎಲ್ಲ ಕಂಡೆ. ಅದು ಬಾಳು. ಅಲ್ಲಿನ ಡಾಕ್ಟರಮ್ಮ ತೀರಿಕೊಂಡ ಮೇಲೆ ಹುಬ್ಬಳ್ಳಿ ಬೈಪಾಸ್ ಪಕ್ಕದ ಹೊಸ ಆಸ್ಪತ್ರೆಯವರು ನನ್ನನ್ನು ಕೊಂಡರು. ತಲೆಯ ಪಟ್ಟಿಗೆ ಎಪ್ಪತ್ನಾಲ್ಕು ಅಂತ ನಂಬರ್ ಬರೆದರು. ರೋಗಿ ಮಾತ್ರ ಬರಲಿಲ್ಲ.

ರೋಗಿ ಅವರಿಗೆ ಬೇಕಾಗಿಯೂ ಇರಲಿಲ್ಲ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ಒಂದು ಮೆಡಿಕಲ್ ಕಾಲೇಜು. ಅಲ್ಲಿ ಎರಡು ವರ್ಷ ಪುಸ್ತಕ ಓದಿಸಿ, ಇನ್ನೆರಡು ವರ್ಷ ರೋಗಿಗಳ ಹತ್ತಿರ ಕಲಿಯಿರಿ ಅಂತ ಮಕ್ಕಳನ್ನು ಇಲ್ಲಿಗೆ ಕಳಿಸುತ್ತಿತ್ತು. ಅದಕ್ಕೆ ಕ್ಲಿನಿಕಲ್ ಪೋಸ್ಟಿಂಗ್ ಅಂತಾರೆ. ತಲೆಗಿಷ್ಟು ಅಂತ ಕಾಲೇಜು ಆಸ್ಪತ್ರೆಗೆ ದುಡ್ಡು ಕೊಡುತ್ತಿತ್ತು. ಪೋಸ್ಟಿಂಗ್ ಮುಗಿದರೆ ಲೈಸೆನ್ಸ್ ಪರೀಕ್ಷೆಗೆ ಕೂರಬಹುದು. ಕಾಲೇಜಿಗೆ ಮಾನ್ಯತೆ ಉಳಿದಿದ್ದರೆ ಮಾತ್ರ.

ಹಾಗೆ ಬಂದವಳು ಸುವರ್ಣಾ ಹಡಪದ, ನವಲಗುಂದದ ಕ್ಷೌರಿಕನ ಮಗಳು. ಖಾಲಿ ವಾರ್ಡಿನಲ್ಲಿ ಗೆಳತಿ ರೇಷ್ಮಾಳನ್ನೇ ನನ್ನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ಒತ್ತಿ ಕಲಿಯುತ್ತಿದ್ದಳು. "ನಿನ್ನ ಹೊಟ್ಯಾಗ ಮಿರ್ಚಿಭಜಿ ಬಿಟ್ರ ಏನೂ ಇಲ್ಲ ಬಿಡ" ಅಂತ ನಗುತ್ತಿದ್ದಳು. "ಡಾಕ್ಟರ್ ಅಂತ ನನ್ನ ಹೆಸರಿನ ಬೋರ್ಡ್ ಹಾಕಿದ ದಿನ ನಮ್ಮಪ್ಪ ಕತ್ರಿ ಕೆಳಗ ಇಡ್ತಾನ ನೋಡ" ಅನ್ನುತ್ತಿದ್ದಳು.

ಮಾನ್ಯತೆ ಕೊಡುವ ಸಮಿತಿ ತಪಾಸಣೆಗೆ ಬರುವ ದಿನ ಮ್ಯಾನೇಜರ್ ಇಟಗಿ ಕೂಲಿಗಳು ನಿಲ್ಲುವ ಚೌಕಕ್ಕೆ ಟೆಂಪೋ ಕಳಿಸಿದ. ಅರವತ್ತು ಮಂದಿ ಬಂದಿಳಿದರು. ಕೆಲಸ ಅಂದರೆ ಮಲಗೋದು. ನನ್ನ ಪಾಲಿಗೆ ಬಂದವನು ಫಕೀರಪ್ಪ, ಗಾರೆ ಕೆಲಸದವ.

"ಇಂಥಾ ಕೆಲಸ ದಿನಾ ಕೊಡ್ರೀ ಸಾಹೇಬ್ರ" ಅಂದ.

"ಬಾಯಿ ಮುಚ್ಚು. ನಿನಗ ಮೂರು ದಿನದಿಂದ ಡೆಂಗ್ಯೂ" ಅಂತ ಇಟಗಿ ಚಾರ್ಟ್ ನೇತುಹಾಕಿದ.

ಸಮಿತಿಯ ಮುದುಕ ಡಾಕ್ಟರ್ ಬಂದು ನನ್ನೆದುರೇ ನಿಲ್ಲಬೇಕೇ? ಕನ್ನಡ ಬಾರದವ. ಈ ರೋಗಿಯನ್ನು ನೋಡಿ ಹೇಳು ಅಂತ ಸುವರ್ಣಾಳಿಗೆ ಇಂಗ್ಲಿಷಿನಲ್ಲಿ ಅಂದ. ಅವಳು ಚಾರ್ಟ್ ಓದಿದ್ದರೆ ಸಾಕಿತ್ತು. ಕೈ ಹೊಟ್ಟೆಗೆ ಹೋಯಿತು. ಎಡ ಪಕ್ಕೆಯ ಕೆಳಗಿನಿಂದ ಹೊಕ್ಕುಳದವರೆಗೆ ಕಲ್ಲಿನಂಥ ಗಂಟು. ಅವಳು ಮತ್ತೊಮ್ಮೆ ಒತ್ತಿ ನೋಡಿದಳು.

"ಎಷ್ಟ ದಿನದಿಂದ ಐತ್ರಿ ಇದು?"

"ಯುಗಾದಿಯಿಂದ ಹೊಟ್ಟಿ ಭಾರ ಐತವ್ವ. ಇಲ್ಲಿ ಬಂದದ್ದು ಇವತ್ತ ಮುಂಜಾನೆ. ಸಂಜಿಗೆ ಬಿಡ್ತಾರಂತಲ್ಲ?"

ಏನಂದ, ಅಂತ ಮುದುಕ ಕೇಳಿದ.

ಇಟಗಿ ಹಿಂದಿನಿಂದ ಕಣ್ಣು ಕೆಕ್ಕರಿಸಿದ. ಮೂರು ದಿನದ ಜ್ವರ ಅಂದುಬಿಟ್ಟರೆ ಸುವರ್ಣಾ ಡಾಕ್ಟರ್. ಫಕೀರಪ್ಪ ಗಂಟು ಹೊತ್ತುಕೊಂಡು ಮನೆಗೆ. ಅವಳು ಅವನಂದದ್ದನ್ನು ಅಕ್ಷರ ಬಿಡದೆ ಹೇಳಿದಳು. ಗುಲ್ಮ, ಅಂದರೆ ಸ್ಪ್ಲೀನ್, ಊದಿದೆ, ರಕ್ತದ ಕ್ಯಾನ್ಸರ್ ಇರಬಹುದು, ಇವತ್ತೇ ರಕ್ತ ಪರೀಕ್ಷೆ ಆಗಬೇಕು ಅಂದಳು.

ಮುದುಕ ಉಳಿದ ಮಂಚದವರನ್ನೂ ಎಬ್ಬಿಸಿ ನೋಡಿದ. ಎಲ್ಲ ಗಟ್ಟಿಮುಟ್ಟು. ಬರೆದುಕೊಂಡು ಹೊರಟ. ಅವನ ಕಾರು ಗೇಟು ದಾಟುವ ಮೊದಲೇ ಇಟಗಿ ಅರವತ್ತೂ ಮಂದಿಯನ್ನು ಹಿಂದಿನ ಬಾಗಿಲಿನಿಂದ ಟೆಂಪೋಗೆ ತುಂಬಿದ. ಸುವರ್ಣಾ ಹಿಂದೆ ಓಡಿದಳು. ಎಂಟು ದಿನ ಆ ಚೌಕದಲ್ಲಿ ಹೋಗಿ ನಿಂತಳಂತೆ. ಫಕೀರಪ್ಪ ಸಿಗಲಿಲ್ಲ.

ಕಾಲೇಜಿನ ಮಾನ್ಯತೆ ಹೋಯಿತು. ಇಲ್ಲಿ ಮಾಡಿದ ಪೋಸ್ಟಿಂಗ್ ಪೋಸ್ಟಿಂಗೇ ಅಲ್ಲ ಅಂತ ಪತ್ರ ಬಂತು. ಬೇರೆ ಕಡೆ ಮತ್ತೆ ಮಾಡೋಣ ಅಂದರೆ ಕಳಿಸಬೇಕಾದ ಕಾಲೇಜೇ ಬಾಗಿಲು ಹಾಕಿತ್ತು. ಪೋಸ್ಟಿಂಗ್ ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ಲೈಸೆನ್ಸ್ ಇಲ್ಲ. ಇಟಗಿಯ ಕುರ್ಚಿ ಅಲ್ಲಾಡಲಿಲ್ಲ. ಬೈಸಿಕೊಂಡವಳು ಸುವರ್ಣಾ.

"ನೀ ಸುಮ್ನಿದ್ದಿದ್ರ ನಲವತ್ತು ಮಂದಿ ಡಾಕ್ಟರ್ ಆಗ್ತಿದ್ವಿ" ಅಂದಳು ರೇಷ್ಮಾ. "ಒಬ್ಬನ ಸಲುವಾಗಿ ಎಲ್ಲಾರ ಹೊಟ್ಟಿ ಮ್ಯಾಲ ಹೊಡದಿ."

ಥೂ! ನನಗೆ ನಾಲ್ಕು ಕಾಲಿದ್ದೂ ಒದೆಯೋಕೆ ಬರೋದಿಲ್ಲ. ಬಂದಿದ್ದರೆ ಯಾರನ್ನು ಒದೆಯಬೇಕು ಅಂತ ಚೆನ್ನಾಗಿ ಗೊತ್ತಿತ್ತು.

ಈಗ ಆಸ್ಪತ್ರೆಯ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿದ್ದೇನೆ. ಹೋದ ವಾರ ಸುವರ್ಣಾ ಬಂದಿದ್ದಳು. ಯಾವುದೋ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಕೇಳಿದ್ದಳಂತೆ. ಇಲ್ಲಿ ಕಲಿತಿದ್ದೆ ಅನ್ನೋದಕ್ಕೆ ಒಂದು ಪತ್ರ ಬೇಕಿತ್ತು. ಇಟಗಿ ಹಿತ್ತಲ ಬಾಗಿಲಲ್ಲಿ ನಿಂತೇ ಕೊಡಲ್ಲ ಅಂದ. ಅವಳು ನನ್ನ ಮೇಲೆ ಕೂತಳು.

"ಆ ಫಕೀರಪ್ಪ ಮತ್ತ ಬಂದಿದ್ನೇನ್ರಿ?"

"ಯಾವ ಫಕೀರಪ್ಪ?"

"ಇದರ ಮ್ಯಾಲ ಮಲಗಿದ್ನಲ್ರಿ, ತಪಾಸಣೆ ದಿನ."

"ಅದರ ಮ್ಯಾಲ ಯಾರೂ ಮಲಗಿಲ್ಲವ್ವ" ಅಂತ ಇಟಗಿ ಹಲ್ಲು ಕಿರಿದ. "ಹೊಸಾ ರಿಜಿಸ್ಟರ್ ಐತಿ, ಬೇಕಾದ್ರ ನೋಡ್ಕೊ ಹೋಗ."

ಅವಳು ಎದ್ದು ಹೋದಳು. ನಾಳೆ ಗುಜರಿಯವನು ಕಟ್ಟರ್ ತರುತ್ತಾನೆ. ತರಲಿ. ಈ ಆಸ್ಪತ್ರೆಯಲ್ಲಿ ಒಬ್ಬ ರೋಗಿ ಇದ್ದ, ಒಬ್ಬಳು ಡಾಕ್ಟರ್ ಇದ್ದಳು. ಕಾಗದದಲ್ಲಿ ಇಬ್ಬರೂ ಇಲ್ಲ.