ಮಿಲ್ಟ್ರಿ ಮನಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ‘ಮಿಲ್ಟ್ರಿ’ ಎಂಬುದು ಬೈಗುಳ. ಸಾರು ನೀರಾಗಿದ್ದರೆ ಮಿಲ್ಟ್ರಿ ಸಾರು. ಒಂದು ಸಲ ತೊಳೆದದ್ದಕ್ಕೇ ಜಾಳಾಗುವ ಸೀರೆ ಮಿಲ್ಟ್ರಿ ಸೀರೆ. ಮೀಸೆ ತಿರುವುತ್ತ ಕುಳಿತು ಹೆಂಡತಿಯ ದುಡಿಮೆ ತಿನ್ನುವವನು ಮಿಲ್ಟ್ರಿ ಗಂಡ. ಹೊರಗಿನವರಿಗೆ ಇದು ಗೊತ್ತಿಲ್ಲ. ಸೈನ್ಯದಿಂದ ನಿವೃತ್ತನಾಗಿ ಬಂದ ನನ್ನನ್ನೂ ಓಣಿಯವರು ಮಿಲ್ಟ್ರಿ ಮುರಗೆಪ್ಪ ಎನ್ನಲಿಲ್ಲ. ಮರ್ಯಾದೆ ಕೊಟ್ಟು ಫೌಜಿ ಮುರಗೆಪ್ಪ ಎಂದರು.

ನಾನು ಬಂದೂಕು ಹಿಡಿದು ಗಡಿಯಲ್ಲಿ ನಿಂತವನಲ್ಲ, ಸಪ್ಲೈದವನು. ಹಿಟ್ಟು, ಬೇಳೆ, ಸೀಮೆಎಣ್ಣೆ, ಕಂಬಳಿ, ಹೇಸರಗತ್ತೆಗಳ ಮೇವು ಇವನ್ನೆಲ್ಲ ಇಳಿಸಿಕೊಂಡು, ನೋಡಿ, ಬೆಟ್ಟದ ಮೇಲಿನವರಿಗೆ ಕಳಿಸುವುದು ನನ್ನ ಕೆಲಸವಾಗಿತ್ತು. ಗುತ್ತಿಗೆದಾರರ ಪೈಕಿ ಕೆಲವರು ಎಂಥವರೆಂದು ಅಲ್ಲೇ ಕಂಡೆ. ಚಹಾಪುಡಿಯಲ್ಲಿ ಕಟ್ಟಿಗೆಯ ಪುಡಿ, ಬೂಟಿನ ಅಟ್ಟೆಯೊಳಗೆ ರಟ್ಟು. ಹಿಮದಲ್ಲಿ ನಿಲ್ಲುವ ಹುಡುಗನ ಕಾಲಿಗೆ ರಟ್ಟು ಕೊಟ್ಟವನು ಆಗಸ್ಟ್ ಹದಿನೈದಕ್ಕೆ ನಮ್ಮ ಡಿಪೋಗೆ ಬಂದು ಜೈಹಿಂದ್ ಹೇಳಿ ಲಾಡು ಹಂಚುತ್ತಿದ್ದ. ಆ ಲಾಡು ನಾನು ಎಂದೂ ಮುಟ್ಟಲಿಲ್ಲ. ಆ ಹೇಸಿಗೆ ಇಂದಿಗೂ ಹೋಗಿಲ್ಲ.

ಹೋದ ಚಳಿಗಾಲ ನವೀನ ನಮ್ಮ ಮನೆಗೆ ಬಂದ. ನವೀನ ಎಂದರೆ ಗುರುಸಿದ್ದ ಸಾವಕಾರರ ಮೊಮ್ಮಗ. ಸಾವಕಾರರು ಸತ್ತು ಬಹಳ ಕಾಲವಾಯಿತು, ಜವಳಿ ವ್ಯಾಪಾರ ಈಗ ಇವನ ಕೈಯಲ್ಲಿದೆ. ಪುಣೆಯಲ್ಲಿ ಓದಿ ಬೆಳೆದವನು, ಮನೆಯಲ್ಲಿ ಕಲಿತ ನಮ್ಮ ಕಡೆಯ ಕನ್ನಡ ಮಾತಾಡುತ್ತಾನೆ, ಆದರೆ ಓಣಿಯ ಒಳಮಾತು ಗೊತ್ತಿಲ್ಲ. ತನ್ನ ಅಜ್ಜ ಬಾಂಗ್ಲಾ ಯುದ್ಧದ ಕಾಲಕ್ಕೆ ಸೈನ್ಯದ ಆಸ್ಪತ್ರೆಗಳಿಗೆ ಹಾಸಿಗೆಯ ಚಾದರ ಪೂರೈಸಿದ್ದನೆಂದು ಯಾರೋ ಹೇಳಿದ್ದರಂತೆ. ಅಜ್ಜನ ಹೆಸರಿನಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡಿದ್ದ. ಸೈನ್ಯಕ್ಕೆ ಅನ್ನ ಬಟ್ಟೆ ಹೇಗೆ ಮುಟ್ಟುತ್ತ ಬಂತು ಎಂಬ ಇತಿಹಾಸವನ್ನು ನಾನು ವೇದಿಕೆಯ ಮೇಲೆ ಹೇಳಬೇಕಂತೆ. ಅಷ್ಟಕ್ಕೇ ಮುಗಿಯಲಿಲ್ಲ.

“ಕಾಕಾ, ನಿಮ್ಮ ಓಣ್ಯಾಗ ಮಿಲ್ಟ್ರಿ ಮನಿ ಅಂತ ಒಂದ್ ಮನಿ ಐತಂತಲ್ರಿ? ಮಿಲ್ಟ್ರಿ ಈರಪ್ಪ ಅಂತ ಒಬ್ರು ಸೈನಿಕರಿದ್ರಂತ. ಅವರ ಮಗಳನ್ನ ಕರದು ಶಾಲು ಹೊದಿಸೂನು ಅಂತ ಮಾಡೇವ್ರಿ,” ಎಂದ.

ಅದು ಒಳ್ಳೆಯ ಹೆಸರಲ್ಲ, ಆ ಹೆಸರು ಹೇಗೆ ಬಂತೆಂದು ನಿಮ್ಮ ಅಪ್ಪನನ್ನು ಕೇಳು ಎಂದೆ. ಅಷ್ಟರಲ್ಲಿ ಅವನ ಫೋನು ಬಡಿಯಿತು. ಪೆಂಡಾಲಿನವನ ಜೊತೆ ಮಾತಾಡುತ್ತಲೇ ನನಗೆ ಕೈಮುಗಿದು ಕಾರು ಹತ್ತಿದ. ಅಪ್ಪನನ್ನು ಕೇಳಿದ್ದು ಹೌದಂತೆ. ಅಪ್ಪ ಶಿವಯೋಗೆಪ್ಪ, ಅವೆಲ್ಲ ಹಳೇ ಮಾತು ಬಿಡು ಎಂದು ಎದ್ದು ಹೋದನಂತೆ. ಹೇಡಿ.

ಹಳೇ ಮಾತು ಇಷ್ಟೇ. ಯುದ್ಧದ ವರ್ಷ ಗುರುಸಿದ್ದ ಸಾವಕಾರರು ನಮ್ಮ ಓಣಿಯ ಮಗ್ಗಗಳಿಗೆಲ್ಲ ಚಾದರ ನೇಯಲು ನೂಲು ಕೊಟ್ಟರು. ಕೊಡಬೇಕಾದದ್ದಕ್ಕಿಂತ ಕಡಿಮೆ ಕೊಟ್ಟರು. ಅಡ್ಡ ಹೊಕ್ಕಿನ ಎಳೆ ದೂರ ದೂರ ಬಿಟ್ಟು ನೇಯಿರಿ, ಮೇಲೆ ದಪ್ಪ ಗಂಜಿ ಹಾಕಿರಿ, ತೂಕ ಬರುತ್ತದೆ ಎಂದರು. ಗಂಜಿ ಕುಡಿದ ಬಟ್ಟೆ ರಟ್ಟಿನಂತೆ ನಿಲ್ಲುತ್ತದೆ, ಕೈಗೆ ಗಟ್ಟಿ ಹತ್ತುತ್ತದೆ. ಈರಪ್ಪ ಒಬ್ಬನೇ ಎದ್ದು ನಿಂತು, ಇದು ತೊಳೆದರೆ ಉಳಿಯುವುದಿಲ್ಲ, ಗಾಯಗೊಂಡವರ ಮೈಕೆಳಗೆ ಹಾಸುವ ಅರಿವೆ, ಬೇಡ ಎಂದ. ಬೇಡವಾದರೆ ಮಗ್ಗ ಬಿಚ್ಚಿಡು ಎಂದರು ಸಾವಕಾರರು. ಮನೆಯಲ್ಲಿ ಹಸಿದ ಮಕ್ಕಳಿದ್ದವು. ಎಲ್ಲರಂತೆ ಅವನೂ ನೇಯ್ದ.

ಆಸ್ಪತ್ರೆಯಲ್ಲಿ ಒಂದು ಸಲ ನೀರಿಗೆ ಹಾಕಿದ್ದೇ ತಡ, ಚಾದರ ಜರಡಿಯಾಯಿತು. ಮಾಲು ವಾಪಸು ಬಂತು. ನಾನಾಗ ಹೈಸ್ಕೂಲಿನಲ್ಲಿದ್ದೆ, ಲಾರಿಯಿಂದ ಗಂಟುಗಳು ಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ. ಕೆಲವು ಚಾದರಗಳನ್ನು ತೊಳೆದೂ ಇರಲಿಲ್ಲ, ಯಾರದೋ ಕೀವು ರಕ್ತ ಒಣಗಿ ಎಳೆಗಳು ಅಂಟಿಕೊಂಡಿದ್ದವು. ಆ ವಾಸನೆ ಈಗಲೂ ಮೂಗಿಗೆ ಬರುತ್ತದೆ. ಸಾವಕಾರರು ಕಟ್ಟೆಯ ಮೇಲೆ ನಿಂತು, ನೂಲು ಕದ್ದವನು ಈರಪ್ಪ, ಅವನ ಮಗ್ಗದ ಮಾಲೇ ಎಲ್ಲವನ್ನೂ ಕೆಡಿಸಿತು ಎಂದು ಸಾರಿದರು. “ಇಂವಾ ಮಿಲ್ಟ್ರಿ ಈರಪ್ಪ” ಎಂದು ಹೆಸರಿಟ್ಟವರೂ ಅವರೇ. ಅಂದಿನಿಂದ ಓಣಿಯಲ್ಲಿ ಕಳಪೆಯದಕ್ಕೆಲ್ಲ ಮಿಲ್ಟ್ರಿ ಎಂದೇ ಹೆಸರಾಯಿತು. ಅದೇ ಚಾದರ ನೇಯ್ದ ಓಣಿಯ ಗಂಡಸರೆಲ್ಲ ನೆಲ ನೋಡುತ್ತ ನಿಂತಿದ್ದರು. ನಾಳೆ ಎಲ್ಲರಿಗೂ ನೂಲು ಬೇಕಿತ್ತಲ್ಲ. ನೆಲ ನೋಡಿದವರಲ್ಲಿ ನಮ್ಮಪ್ಪನೂ ಒಬ್ಬ.

ಈರಪ್ಪನಿಗೆ ಮತ್ತೆ ಯಾರೂ ನೂಲು ಕೊಡಲಿಲ್ಲ. ಹಮಾಲಿ ಮಾಡುತ್ತ ಸತ್ತ. ಅವನ ಮಗಳು ಇಂದ್ರವ್ವನನ್ನು ನೋಡಲು ಬಂದವರು ಮಿಲ್ಟ್ರಿ ಮನೆಯ ಹೆಣ್ಣು ಬೇಡವೆಂದು ತಿರುಗಿಹೋದರು. ಆಕೆ ಪವರ್‌ಲೂಮಿನವರಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತಿಕೊಡುತ್ತ ಆ ಮನೆಯಲ್ಲೇ ಮುದುಕಿಯಾದಳು.

ನಾನು ಇಂದ್ರವ್ವನ ಮನೆಗೆ ಹೋಗಿ ನವೀನ ಹೇಳಿದ್ದನ್ನೆಲ್ಲ ಹೇಳಿದೆ. ಸಮಾರಂಭಕ್ಕೆ ಹೋಗಬೇಡ, ಅಪ್ಪನಿಗೆ ಮಾಡಿದ ಅವಮಾನವನ್ನೇ ಶಾಲು ಹೊದಿಸಿ ಕೊಡುತ್ತಿದ್ದಾರೆ, ಅದಕ್ಕಿಂತ ಉಗುಳಿ ಕಳಿಸು ಎಂದೆ. ಇಂದ್ರವ್ವ ರಾಟೆ ನಿಲ್ಲಿಸಿದಳು.

“ಅಣ್ಣಾ, ನಮ್ಮಪ್ಪ ಸಾಯೂಮುಂದ, ಈ ಹೆಸರ ನನ್ನ ಜೋಡಿನ ಮಣ್ಣಾಗ ಹಾಕ್ರಿ ಅಂದಿದ್ದ. ಹಾಕಾಕ ಆಗ್ಲಿಲ್ಲ. ಊರ ಮಂದಿ ಇಟ್ಕೊಂಡ್ಬಿಟ್ರು,” ಎಂದಳು. “ನಾ ಹೋಗ್ತೇನಿ. ನನಗ ಶಾಲು ಬ್ಯಾಡ. ಆ ಹೆಸರ ನಮ್ಮ ಮನೀ ಮ್ಯಾಲಿಂದ ಇಳೀಬೇಕು, ಅಷ್ಟ.”

ಸಮಾರಂಭದ ದಿನ ಪೆಂಡಾಲಿನ ಬಾಗಿಲಲ್ಲೇ ನಿಂತುಬಿಟ್ಟೆ. ಆಳೆತ್ತರದ ಬ್ಯಾನರು. ಹಿಂದೆ ಟ್ಯಾಂಕು, ಮೇಲೆ ವಿಮಾನ, ನಡುವೆ ಗುರುಸಿದ್ದ ಸಾವಕಾರರು. ಮೈಮೇಲೆ ಸೈನ್ಯದ ಸಮವಸ್ತ್ರ, ಎದೆಯ ತುಂಬ ಪದಕ. ಬದುಕಿರುವವರೆಗೆ ಧೋತರ ಬಿಟ್ಟು ಬೇರೆ ಉಡದಿದ್ದ ಮನುಷ್ಯನಿಗೆ ಮೊಮ್ಮಗ ಕಂಪ್ಯೂಟರಿನಲ್ಲಿ ಪದಕ ಕೊಡಿಸಿದ್ದ. ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ನನ್ನ ಸರದಿ ಬಂದಾಗ ಇತಿಹಾಸ ಹೇಳಿದೆ. ಹಿಂದಿನ ಕಾಲಕ್ಕೆ ಲಮಾಣಿಗಳ ಎತ್ತಿನ ಹಿಂಡು ಜೋಳ ಹೊತ್ತು ಹೊರಡದೆ ಯಾವ ಅರಸನ ದಂಡೂ ದೂರ ಹೋಗುತ್ತಿರಲಿಲ್ಲ, ಹೇಸರಗತ್ತೆ ಜಾರಿಬಿದ್ದ ದಿನ ಬೆಟ್ಟದ ಮೇಲಿನ ಠಾಣೆಗೆ ರೊಟ್ಟಿ ಇರುತ್ತಿರಲಿಲ್ಲ ಎಂದೆ. ದಂಡಿನ ಹೊಟ್ಟೆಯಿಂದ ಕದ್ದವರು ಎಲ್ಲ ಕಾಲದಲ್ಲೂ ಇದ್ದರು, ಅವರು ಶತ್ರುವಿಗಿಂತ ಹೊಲಸು ಎಂದೂ ಹೇಳಿದೆ. ಮೊದಲ ಸಾಲಿನಲ್ಲಿ ಶಿವಯೋಗೆಪ್ಪ ತನ್ನ ಚಪ್ಪಲಿ ನೋಡುತ್ತ ಕುಳಿತಿದ್ದ. ಉಳಿದವರು ಚಪ್ಪಾಳೆ ತಟ್ಟಿದರು. ಮುಂದೆ ಹೇಳಬೇಕಾದದ್ದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಮಾತು ಇಂದ್ರವ್ವನದು, ನನ್ನದಲ್ಲ ಎಂದು ಕೆಳಗಿಳಿದೆ.

ಆಮೇಲೆ ನವೀನ ಇಂದ್ರವ್ವನನ್ನು ಕೈಹಿಡಿದು ಮೇಲೆ ಕರೆತಂದ. ವೀರಯೋಧ ಮಿಲ್ಟ್ರಿ ಈರಪ್ಪನವರ ಸುಪುತ್ರಿ ಎಂದು ಕೂಗಿದ. ಹಿಂದೆ ಕುಳಿತ ನಮ್ಮ ಓಣಿಯವರು ಕಿಸಕ್ಕನೆ ನಕ್ಕರು. ಆಕೆ ಶಾಲನ್ನು ಕೈಯಿಂದ ಸರಿಸಿ ಮೈಕಿನ ಹತ್ತಿರ ಹೋದಳು.

“ನಮ್ಮಪ್ಪನ ಹೆಸರ ಈರಪ್ಪ, ಅಷ್ಟ. ಮಿಲ್ಟ್ರಿ ಅನ್ನೂದು ನಿಮ್ಮ ಅಜ್ಜಾರು ಕೊಟ್ಟ ಹೆಸರು. ಅದು ಅವರದ, ಅವರ ಗಳಿಸಿದ್ದು. ಇಷ್ಟ ವರ್ಷ ನಮ್ಮ ಮನ್ಯಾಗ ಇತ್ತು. ಈಗ ನಿಮ್ಮದು ನಿಮಗ ತಿರಗಿ ಕೊಡಾಕ ಬಂದೇನಿ, ಇಟ್ಕೊಳ್ರಿ.”

ಶಿವಯೋಗೆಪ್ಪನ ಮುಖ ಬೂದಿಯಾಯಿತು. ನವೀನನ ಕಣ್ಣಲ್ಲಿ ಮಾತ್ರ ನೀರು ಬಂತು. ಎಂಥ ದೊಡ್ಡ ಮನಸ್ಸು ಈ ತಾಯಿಯದು, ತನ್ನ ಮನೆತನದ ಬಿರುದನ್ನೇ ನಮಗೆ ಕೊಟ್ಟಳು ಎಂದು ಮೈಕಿನಲ್ಲಿ ಹೇಳಿ ಆಕೆಯ ಕಾಲು ಮುಟ್ಟಿದ.

ಮುಂದಿನ ವಾರ ಅವರ ಬಂಗಲೆಯ ಗೇಟಿನ ಮೇಲೆ ಹಿತ್ತಾಳೆಯ ಅಕ್ಷರಗಳು ಬಂದವು: ಮಿಲ್ಟ್ರಿ ಮನಿ. ‘ಮನೆ’ ಎಂದು ಬರೆಸಲಿಲ್ಲ, ನಮ್ಮ ಭಾಷೆಯ ಸೊಗಡು ಇರಲಿ ಎಂದನಂತೆ. ರಾತ್ರಿಯೂ ಕಾಣಲೆಂದು ದೀಪ ಹಾಕಿಸಿದ. ಓಣಿಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಅದರ ಮುಂದೆ ಹಾಯುತ್ತಾರೆ. ಅಂದು ನೆಲ ನೋಡುತ್ತ ನಿಂತವರ ಮಕ್ಕಳು, ಮೊಮ್ಮಕ್ಕಳೇ ಇಂದು ನಗುತ್ತಾರೆ. ಈ ನಗುವೂ ನನಗೆ ಹೇಸಿಗೆ.

ಒಂದು ದಿನ ಶಿವಯೋಗೆಪ್ಪ ನನ್ನ ಕಟ್ಟೆಗೆ ಬಂದು ಕುಳಿತ. ಬೋರ್ಡು ತೆಗೆಯುವಂತೆ ಮಗನಿಗೆ ನೀನೇ ಹೇಳು, ನಿನ್ನ ಮಾತು ಕೇಳುತ್ತಾನೆ ಎಂದ.

“ನೀವ ಹೇಳ್ರಿ ಸಾವಕಾರ. ಯಾಕ ತಗೀಬೇಕು ಅಂತ ಕೇಳಿದ್ರ, ಅದನ್ನೂ ನೀವ ಹೇಳ್ರಿ,” ಎಂದೆ.

ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ. ಮಗನಿಗೆ ಹೇಳಲಿಲ್ಲ. ಈಗ ತನ್ನ ಮನೆಗೆ ತಾನೇ ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಾನೆ.

ಮೊನ್ನೆ ಇಂದ್ರವ್ವನ ಕಟ್ಟೆಯ ಮೇಲೆ ನಾನು ಕುಳಿತಿದ್ದಾಗ ಪಾರ್ಸೆಲ್ಲಿನ ಹುಡುಗ ಗಾಡಿ ನಿಲ್ಲಿಸಿ, ಮಿಲ್ಟ್ರಿ ಮನಿ ಇದೇನಾ ಎಂದು ಕೇಳಿದ. ಇಂದ್ರವ್ವ ರಾಟೆಯಿಂದ ಕೈ ತೆಗೆಯದೆ ಬಂಗಲೆಯ ಕಡೆಗೆ ಗದ್ದ ಎತ್ತಿದಳು.

“ಅಲ್ಲೈತಿ ನೋಡಪಾ, ಬೋರ್ಡ್ ಹಾಕ್ಯಾರ. ಇದು ಈರಪ್ಪನ ಮನಿ.”